ಬೆಲ್ಲದ ಮೇಲೆ ಕುಡಿದ ನೀರು

ಮಾನ್ಯ ಅಧ್ಯಕ್ಷರೇ, ವೇದಿಕೆಯ ಹಿರಿಯರೇ, ನಮ್ಮ ಬ್ಯಾಂಕಿನ ಗೆಳೆಯರೇ, ಊಟದ ಹೊತ್ತು ಮೀರಿದರೂ ಏಳದೆ ಕುಳಿತಿರುವ ಸಭಿಕರೇ,

ನನಗೆ ಮೈಕಿನ ಮುಂದೆ ಅಭ್ಯಾಸವಿಲ್ಲ. ಸಾಲ ಕೇಳಿದವರ ಮನೆ, ಗದ್ದೆ, ಬಾವಿ ನೋಡಿ ಅವುಗಳ ಬೆಲೆ ಬರೆದು ಕೊಡುವುದು ನನ್ನ ಕೆಲಸವಾಗಿತ್ತು. ಅದು ಇವತ್ತಿಗೆ ಮುಗಿಯಿತು. ಅಧ್ಯಕ್ಷರು ಈಗಷ್ಟೇ, "ಉಮಾನಾಥರ ರುಜು ಇದ್ದರೆ ನಾವು ಕಣ್ಣು ಮುಚ್ಚಿ ಸಾಲ ಕೊಡುತ್ತೇವೆ" ಎಂದರು. ನೀವು ಚಪ್ಪಾಳೆ ತಟ್ಟಿದಿರಿ. ನಾನು ನೆಲ ನೋಡಿದೆ. ಅದನ್ನು ನೀವು ವಿನಯ ಎಂದುಕೊಂಡಿರಬಹುದು.

ನನ್ನ ಜಾಗಕ್ಕೆ ದೇವದಾಸ ಬರುತ್ತಾನೆ. ಅವನಿಗೆ ಎರಡು ಬುದ್ಧಿಮಾತು ಹೇಳಬೇಕೆಂದು ಮೆನೇಜರರು ಸೂಚಿಸಿದ್ದಾರೆ. ನಾನೇನು ಹೇಳಲಿ? ನನಗೆ ಕೆಲಸ ಕಲಿಸಿದ ರೊಸಾರಿಯೊ ಮಾಸ್ಟ್ರ ಮಾತನ್ನೇ ಹೇಳುತ್ತೇನೆ.

ನಮ್ಮ ಕಡೆ ಬಿಸಿಲಲ್ಲಿ ಯಾರೇ ಬರಲಿ, ಮೊದಲು ಬೆಲ್ಲ, ನೀರು. ಬೆಳ್ಮಣ್ಣಿಗೆ ಹೋಗಿ, ಅಜೆಕಾರಿಗೆ ಹೋಗಿ, ಇದು ತಪ್ಪುವುದಿಲ್ಲ. ರೊಸಾರಿಯೊ ಮಾಸ್ಟ್ರು ಮಾತ್ರ ಬೆಲ್ಲ ಮುಟ್ಟುತ್ತಿರಲಿಲ್ಲ. ಅವರಿಗೆ ಸಕ್ಕರೆ ಕಾಯಿಲೆ ಎಂದು ಊರಿಡೀ ಸುದ್ದಿಯಾಗಿತ್ತು. ಒಬ್ಬರು ಕಹಿಬೇವಿನ ಕಷಾಯ ಮಾಡಿ ಕೊಟ್ಟದ್ದೂ ಉಂಟು, ಅದನ್ನು ಪಾಪ ಕುಡಿದರು. ಆಮೇಲೆ ದಾರಿಯಲ್ಲಿ ನನಗೆ ಹೇಳಿದರು, "ನನಗೆ ಎಂತ ಕಾಯಿಲೆಯೂ ಇಲ್ಲ ಮಾರಾಯ. ಬೆಲ್ಲ ತಿಂದ ನಾಲಗೆಗೆ ಬಾವಿಯ ಉಪ್ಪು ತಿಳಿಯುವುದಿಲ್ಲ. ಮೊದಲು ನೀರು ಕುಡಿ, ಆಮೇಲೆ ಮರ್ಯಾದೆ."

ಕಡಲ ಬದಿಯ ಬಾವಿಗಳು ನಿಮಗೆ ಗೊತ್ತಲ್ಲ. ಮಳೆಗಾಲದಲ್ಲಿ ಎಲ್ಲವೂ ಸಿಹಿ. ಬೇಸಿಗೆಯಲ್ಲಿ ಕೆಲವು ಉಪ್ಪಾಗುತ್ತವೆ. ಉಪ್ಪಾದರೆ ಆ ಜಾಗದ ಬೆಲೆ ಅರ್ಧ.

ಹೋದ ವಾರ ನಾನು ನೋಡಿದ ಕೊನೆಯ ಮನೆ ಕಾಪುವಿನದು. ಮಾರುವವರು ನಮ್ಮ ಬ್ಯಾಪ್ಟಿಸ್ಟರು, ಇಲ್ಲೇ ವೇದಿಕೆಯಲ್ಲಿದ್ದಾರೆ. ಈ ಶಾಲು ಹೊದಿಸಿದ್ದೂ ಅವರೇ. ನನ್ನ ತಮ್ಮ ಭುಜಂಗನಿಗೆ ದುಬಾಯಿಯ ವೀಸಾ ಮಾಡಿಸಿ ಕೊಟ್ಟವರೂ ಅವರೇ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಇಲ್ಲವೆಂದು ನಾನು ಒಂದು ವಾರದಿಂದ ನನಗೆ ಹೇಳಿಕೊಳ್ಳುತ್ತಿದ್ದೇನೆ.

ಅಂದು ನಾನು ಬರೀ ನೀರು ಕೇಳಿದೆ. ಬ್ಯಾಪ್ಟಿಸ್ಟರು ನಕ್ಕರು. "ಎಂತ ಮಾರಾಯ್ರೇ, ನಮ್ಮ ಮನೆಯಲ್ಲಿ ಬರೀ ನೀರು ಕುಡಿಯುವುದುಂಟಾ? ನಾವೇನು ಪರಕೀಯರಾ? ನಿಮ್ಮ ತಮ್ಮ ಅಲ್ಲಿ ನನ್ನ ಮಗನ ಜೊತೆಗೇ ಉಣ್ಣುವುದಲ್ವಾ?" ನಾನು ಬೆಲ್ಲ ಬಾಯಿಗೆ ಹಾಕಿ ನೀರು ಕುಡಿದೆ. ಸಭಿಕರೇ, ಆದರೂ ಉಪ್ಪು ತಿಳಿಯಿತು. ರೊಸಾರಿಯೊ ಮಾಸ್ಟ್ರು ಹೇಳಿದಷ್ಟು ಮೋಸಗಾರನಲ್ಲ ಬೆಲ್ಲ. ಆಗ ನಾನು ಏನು ಮಾಡಿದೆ? ಇನ್ನೊಂದು ತುಂಡು ಕೇಳಿ ಪಡೆದು ತಿಂದೆ. ಮತ್ತೆ ನೀರು ಕುಡಿದೆ. ಆ ಸಲ ಸಿಹಿಯಾಗಿತ್ತು. ಸಿಹಿನೀರಿನ ಬಾವಿ ಎಂದು ಬರೆದೆ.

ಇದನ್ನು ಹೇಳಲೆಂದು ನಾನು ಎದ್ದು ನಿಂತವನಲ್ಲ. ಧನ್ಯವಾದ ಹೇಳಿ ಕುಳಿತುಕೊಳ್ಳುವವನಿದ್ದೆ. ಆದರೆ ನನ್ನೆದುರು ಮೂರನೆಯ ಸಾಲಿನಲ್ಲಿ ಪ್ಯಾಟ್ರಿಶಿಯಾ ಬಾಯಿ ಕುಳಿತಿದ್ದಾರೆ. ಮಣಿಪಾಲದಲ್ಲಿ ನರ್ಸ್. ರಾತ್ರಿ ಪಾಳಿ ಮುಗಿಸಿ, ನನಗೆ ಹೂ ಹಿಡಿದುಕೊಂಡು ಬಂದಿದ್ದಾರೆ. ನಮ್ಮ ಬ್ಯಾಂಕಿನ ಸಾಲದಲ್ಲಿ ಆ ಮನೆ ಕೊಳ್ಳುವವರು ಇವರು. ಇನ್ನಂಜೆಯ ಬಾಡಿಗೆ ಮನೆಯಲ್ಲಿ ಮಲ್ಲಿಗೆ ಬೆಳೆಸಿ ಇವರನ್ನು ಓದಿಸಿದ್ದು ತಾಯಿ ಕಾನ್ಸೆಪ್ಟಾ ಬಾಯಿ. ಸ್ವಂತ ಅಂಗಳದಲ್ಲಿ ಮಲ್ಲಿಗೆ ನೆಡಬೇಕೆಂದು ಅವರಿಗೆ ಆಸೆ. ಮೊನ್ನೆ ಆ ತಾಯಿ ಕಾಪುವಿನ ಪೇಟೆಯಲ್ಲಿ ಸಿಕ್ಕಿ ಕೇಳಿದರು, "ಮಲ್ಲಿಗೆಗೆ ಉಪ್ಪು ನೀರು ಆಗುವುದಿಲ್ಲ ಉಮಾನಾಥರೇ. ಬಾವಿ ನೀವೇ ನೋಡಿದ್ದಲ್ವಾ?"

"ಹೌದು, ನಾನೇ ನೋಡಿದ್ದು" ಎಂದೆ.

"ಹಾಗಾದರೆ ಸಾಕು" ಎಂದರು. ಅವರು ಮತ್ತೇನೂ ಕೇಳಲಿಲ್ಲ. ಕೇಳಿದ್ದರೆ ನಾನು ಹೇಳುತ್ತಿದ್ದೆನೇ? ನನಗೆ ಗೊತ್ತಿಲ್ಲ.

ಅಧ್ಯಕ್ಷರೇ, ಸೋಮವಾರ ಆ ಸಾಲದ ಹಣ ಕೊಡಬೇಡಿ. ನನ್ನ ವರದಿಯನ್ನು ಬದಿಗಿಡಿ. ದೇವದಾಸ ಹೋಗಿ ಹೊಸದಾಗಿ ನೋಡಲಿ. ನನ್ನ ಹಳೆಯ ವರದಿಗಳನ್ನೂ ನೋಡಬೇಕೆಂದು ನಿಮಗೆ ಅನ್ನಿಸಿದರೆ ಬೇಡವೆನ್ನುವ ಬಾಯಿ ನನಗಿಲ್ಲ. ಬ್ಯಾಪ್ಟಿಸ್ಟರೇ, ನೀವು ಮುಖ ತಿರುಗಿಸಿದ್ದೀರಿ. ತಿರುಗಿಸಬೇಕಾದದ್ದೇ. ಬೆಲ್ಲ ಕೊಟ್ಟದ್ದು ನಿಮ್ಮ ಮನೆಯ ಮರ್ಯಾದೆ. ಬರೆದದ್ದು ನನ್ನ ಕೈ. ಭುಜಂಗನ ಮೇಲೆ ಸಿಟ್ಟು ಮಾಡಬೇಡಿ ಎಂದು ಕೇಳುವ ಮುಖವೂ ನನಗಿಲ್ಲ.

ಪ್ಯಾಟ್ರಿಶಿಯಾ ಬಾಯಿ, ನಿಮ್ಮ ತಾಯಿ ಇವತ್ತು ಸಂಜೆ ಇನ್ನಂಜೆಯ ಮನೆ ಬಿಟ್ಟುಕೊಡುವವರಿದ್ದಾರೆ ಎಂದು ಹೂ ಕೊಡುವಾಗ ನೀವೇ ಹೇಳಿದಿರಿ. ಅವರನ್ನು ತಡೆಯಬೇಕು, ಈಗಲೇ ಹೊರಟರೆ ಬಸ್ಸು ಸಿಗುತ್ತದೆ. ನನ್ನ ಮಾತು ಮುಗಿಯಲೆಂದು ಕಾಯಬೇಡಿ. ಹೋಗಿ ಬಾಯಿ, ಎದ್ದು ಹೋಗಿ.

ಉಳಿದವರು ಇಷ್ಟು ಹೊತ್ತು ಕೇಳಿದಿರಿ, ನಿಮ್ಮ ಋಣ ದೊಡ್ಡದು. ಎಲ್ಲರಿಗೂ ನಮಸ್ಕಾರ.