ಭೂತಪ್ಪನ ಪಾಲಿನ ಬಾಟ್ಲಿ

ಭದ್ರಾವತಿ ಬಸ್ಸು ಶಿವಮೊಗ್ಗ ಬಿಡುತ್ತಿದ್ದಂತೆ ಸ್ಫೂರ್ತಿ ಕಿಟಕಿಗೆ ತಲೆಯಾನಿಸಿ ಕಣ್ಣು ಮುಚ್ಚಿದಳು. ಹಿಂದಿನ ಸೀಟಿನ ಇಬ್ಬರು ಹೆಂಗಸರು ಮಲಗಲು ಬಿಡಬೇಕಲ್ಲ!

“ಭೂತಪ್ಪ ದೇವರಿಗೆ ಫುಲ್ ಬಾಟ್ಲಿ, ಒಂದು ಕಟ್ಟು ಬೀಡಿ ಅಂತ ಹರಕೆ ಹೊತ್ತಿದ್ದೀನಿ ಕಣೇ ಶೀಲಾ. ಆಲ್ಕೊಳದವರೆಗೂ ಅಲೆದೆ. ಎಲ್ಲಾ ಅಂಗಡೀಲೂ ತಲೆಗೆ ಒಂದೇ ಕ್ವಾರ್ಟರ್ ಅಂತಾರೆ!”

“ಯಾಕಂತೆ ಮಾಸ್ತಮ್ಮಕ್ಕ?”

“ಬಜೆಟ್ಟಲ್ಲಿ ರೇಟು ಏರುತ್ತಂತೆ. ಅಂಗಡಿಯೋರು ಈಗಲೇ ತುಂಬಿಟ್ಕೋತಾರೆ ಅಂತ ಗೌರ್ಮೆಂಟು ಮಾಲೇ ಕಡಿಮೆ ಬಿಡ್ತಿದೆ. ಬೀಡಿಗೂ ಅದೇ ಹಣೆಬರಹ.”

“ದೇವರಿಗೆ ಅಂತ ಹೇಳ್ಬೇಕಿತ್ತು.”

“ಹೇಳ್ದೆ ಮಾರಾಯ್ತಿ. ಎಲ್ಲರೂ ದೇವರಿಗೇ ಅಂತಾರಮ್ಮ ಅಂದ!”

“ನಾಲ್ಕು ಕ್ವಾರ್ಟರ್ ಸೇರಿದ್ರೆ ಒಂದು ಫುಲ್. ನಾಲ್ಕು ಜನ ಕ್ಯೂ ನಿಂತ್ರಾಯ್ತಪ್ಪ.”

“ನಾನು, ಮಗ, ನಾಚಿಕೆ ಬಿಟ್ಟು ಸೊಸೆ. ಇನ್ನೊಬ್ಬರನ್ನ ಎಲ್ಲಿಂದ ತರ್ಲಿ?”

“ಭಾವ ಇದ್ದಾರಲ್ಲ.”

“ಅಯ್ಯೋ, ಅವರು ಕುಡಿಯೋದು ಬಿಡ್ಲಿ ಅಂತಲೇ ಅಲ್ವೇನೆ ಹರಕೆ ಹೊತ್ತಿದ್ದು! ಬಿಟ್ಟು ವರ್ಷ ಆಯ್ತು.”

ಭದ್ರಾವತಿಯ ನ್ಯೂ ಟೌನ್ ಸ್ಟಾಪ್ ಬಂತು. ಇಬ್ಬರೂ ಚೀಲ ಹಿಡಿದು ಎದ್ದರು.

“ಹಂಗಾದ್ರೆ ಭಾವನಿಗೆ ಗೊತ್ತಾಗದ ಹಾಗೆ ನೋಡ್ಕೊಳ್ಳಿ.”

“ಗೊತ್ತಾಗಿ ಹೋಗಿದೆ. ಬೆಳಗ್ಗೆ ನಾನು ಹೊರಡೋವಾಗಲೇ ಇಸ್ತ್ರಿ ಷರ್ಟು ಹಾಕ್ಕೊಂಡು ಬಾಗಿಲಲ್ಲೇ ಕೂತಿದ್ರು. ‘ದೇವರ ಕೆಲಸ, ನಾಲ್ಕು ಸಲ ಬೇಕಾದ್ರೂ ನಾನೇ ನಿಲ್ತೀನಿ’ ಅಂತ!”