ಎತ್ತರದ ಚಪ್ಪಲಿ, ಎತ್ತರದ ಬೈಕು
ಬೈಕಿನ ಅಂಗಡಿಯಲ್ಲಿ ತನ್ನ ಸ್ಕೂಟರಿನ ಸರ್ವಿಸ್ ಮುಗಿಯಲೆಂದು ಕಾದು ಕೂತಿದ್ದ ಒಬ್ಬ ನರ್ಸಮ್ಮನ ಕಿವಿ ನೆಟ್ಟಗಾಯಿತು. ಎದುರಿಗೆ ಒಬ್ಬ ಹುಡುಗಿ ದೊಡ್ಡ ಬೈಕೇರಿ ಕೂತಿದ್ದಳು. ಅವಳ ತಾಯಿ ಪಕ್ಕದಲ್ಲಿ ನಿಂತಿದ್ದಳು.

“ನೋಡಮ್ಮ, ಕಾಲು ನೆಲಕ್ಕೆ ತಾಗ್ತಿದೆ. ಲೈಸೆನ್ಸೂ ಬಂತು. ಇದೇ ಇರ್ಲಿ.”

“ನನ್ನ ಹೈ ಹೀಲ್ಡ್ ಚಪ್ಪಲಿ ಯಾಕೆ ಹಾಕ್ಕೊಂಡ್ ಬಂದಿದ್ದೀಯ?”

“ಸುಮ್ನೆ...”

“ಬಿಚ್ಚಿ ಕೂತ್ಕೋ.”

ಬಿಚ್ಚಿದಳು. ಹೆಬ್ಬೆರಳೂ ನೆಲ ಮುಟ್ಟಲಿಲ್ಲ.

“ಕಳ್ಳಿ! ಇಳಿ ಕೆಳಗೆ.”

“ಹಾಗಾದ್ರೆ ಮತ್ತೆ ಮನೇಲಿರೋ ಆ ಹಳೇ ಡಬ್ಬಾ ಗಾಡಿನೇ ಗತಿನಾ?”

“ಯಾರು ಹೇಳಿದ್ದು? ಇಷ್ಟೇ ದೊಡ್ಡದು ಇನ್ನೊಂದು ನೋಡು, ಸೀಟು ತಗ್ಗಿರ್ಲಿ. ಹಿಂದುಗಡೆ ಮಾತ್ರ ಅಗಲ ಇರ್ಬೇಕು.”

“ಹಿಂದೆ ಯಾರಮ್ಮ?”

“ನಿನ್ನ ಎಲ್ ಬೋರ್ಡ್ ಇಳೀಲಿ ಅಂತ ಇಷ್ಟು ದಿನ ಬಸ್ಸಲ್ಲಿ ನೇತಾಡಿದ್ದು ಯಾರೇ?”

ಮಗಳು ಬರಿಗಾಲಲ್ಲೇ ಮುಂದಿನ ಸಾಲಿಗೆ ಓಡಿದಳು. ತಾಯಿ ತನ್ನ ಚಪ್ಪಲಿಯನ್ನು ಕೈಯಲ್ಲೆತ್ತಿಕೊಂಡು ಹಿಂದೆ ನಡೆದಳು.