ತೆಂಗಿನ ಮರದ ಮಿಷನ್ನಿನ ಮುರಿದ ಕಂಬಿ

ನಾನು ಕವನಾ, ಗಂಡನ ಹೆಸರು ಶಾಂತರಾಜು, ವಯಸ್ಸು ಮೂವತ್ತೊಂದು ವರ್ಷ, ವಾಸ ಚನ್ನರಾಯಪಟ್ಟಣ ತಾಲ್ಲೂಕು ಬಾಗೂರು. ಕಸುಬು ತೆಂಗಿನ ಮರ ಹತ್ತಿ ಕಾಯಿ ಕೀಳುವುದು. ಹೆಡ್ ಕಾನ್‌ಸ್ಟೆಬಲ್ ದೇವರಾಜ್ ಅವರು ಕಸುಬಿನ ಮುಂದೆ ಮೊದಲು ಗೃಹಿಣಿ ಎಂದು ಬರೆದಿದ್ದರು, ನಾನು ಹೇಳಿ ತಿದ್ದಿಸಿದ್ದೇನೆ. ಈ ದಿನ ಬೆಳಿಗ್ಗೆ ಹತ್ತೂವರೆಗೆ ಠಾಣೆಗೆ ಹಾಜರಾಗಿ, ಕೇಳಿದ್ದಕ್ಕೂ ಕೇಳದೆ ಇದ್ದದ್ದಕ್ಕೂ ಸೇರಿಸಿ ಈ ಮೂಲಕ ತಿಳಿಸುವುದೇನೆಂದರೆ,

ಚನ್ನರಾಯಪಟ್ಟಣದಲ್ಲಿ ಕೃಷಿ ಯಂತ್ರಗಳ ಅಂಗಡಿ ಇಟ್ಟಿರುವ ಪಾಲಾಕ್ಷ ಅವರು ನಿನ್ನೆ ಸಂಜೆ ನನ್ನ ಮೇಲೆ ದೂರು ಕೊಟ್ಟಿದ್ದಾರೆ. ಮರ ಹತ್ತುವ ಮಿಷನ್ನನ್ನು ನಾನು ಅಜಾಗರೂಕತೆಯಿಂದ ಮುರಿದೆನೆಂದೂ, ಮುರಿದ ಕಂಬಿಯನ್ನು ಅವರಿಗೆ ಒಪ್ಪಿಸದೆ ಬಚ್ಚಿಟ್ಟುಕೊಂಡು ಊರೂರಿನಲ್ಲಿ ಅಪಪ್ರಚಾರ ಮಾಡುತ್ತಿದ್ದೇನೆಂದೂ ಅದರಲ್ಲಿ ಇದೆ. ಬಚ್ಚಿಟ್ಟುಕೊಂಡದ್ದು ನಿಜ. ಕಂಬಿ ಈಗಲೂ ನನ್ನ ಮಡಿಲಿನಲ್ಲಿದೆ. ಅದು ಅವರ ಕೈ ಸೇರಿದರೆ ಸಂಜೆಯೊಳಗೆ ಗುಜರಿ ಸೇರುತ್ತದೆ. ಅಂಥದೇ ಮಿಷನ್ನುಗಳು ಇನ್ನೂ ಮೂವರು ಹೆಂಗಸರ ಬಳಿ ಇವೆ. ಅವರ ಜೀವಕ್ಕೆ ಈ ತುಂಡು ಕಬ್ಬಿಣವೇ ಸಾಕ್ಷಿ. ಅದಕ್ಕಾಗಿ ಕೊಟ್ಟಿಲ್ಲ, ಕೊಡುವುದೂ ಇಲ್ಲ.

ಕಳೆದ ವರ್ಷ ಹೊಳೆನರಸೀಪುರದಲ್ಲಿ ಹೆಂಗಸರಿಗೆ ಮರ ಹತ್ತುವ ತರಬೇತಿ ನಡೆದಿತ್ತು. ನಾನು ಅಲ್ಲಿ ಕಲಿತೆ. ಈ ವರ್ಷ ಯುಗಾದಿ ಕಳೆದ ಮೇಲೆ, ಅಲ್ಲಿ ಕಲಿತವರಲ್ಲಿ ನಾವು ನಾಲ್ವರು ಪಾಲಾಕ್ಷ ಅವರ ಅಂಗಡಿಯಿಂದ ಒಂದೇ ದಿನ ನಾಲ್ಕು ಮಿಷನ್ ತಂದೆವು. ಮಿಷನ್ನಿಗೆ ಎರಡು ಕಾಲುಗಳಿರುತ್ತವೆ. ಒಂದೊಂದು ಕಾಲಿಗೂ ಒಂದೊಂದು ಕಬ್ಬಿಣದ ಕಂಬಿ, ಮರವನ್ನು ಸುತ್ತಿ ಬಿಗಿಯುವ ತಂತಿ ಹಗ್ಗ, ಮರಕ್ಕೆ ಒತ್ತಿಕೊಳ್ಳುವ ರಬ್ಬರ್ ಪ್ಯಾಡ್. ಎಡಗಾಲಿಗೆ ಭಾರ ಬಿಟ್ಟು ಬಲಗಾಲು ಮೇಲಕ್ಕೆ, ಬಲಗಾಲಿಗೆ ಭಾರ ಬಿಟ್ಟು ಎಡಗಾಲು ಮೇಲಕ್ಕೆ, ಹೀಗೆ ಹತ್ತುವುದು. ಅದು ನೂರು ಕೆಜಿ ತಡೆಯುತ್ತದೆ ಎಂದು ಅಂಗಡಿಯವರೇ ಚೀಟಿ ಅಂಟಿಸಿ ಕೊಟ್ಟಿದ್ದಾರೆ. ನಾನು ಐವತ್ತೆರಡು ಕೆಜಿ ಇದ್ದೇನೆ. ಕಾಯಿಯನ್ನು ಕೊಯ್ದು ಕೆಳಗೆ ಹಾಕುತ್ತೇನೆಯೇ ಹೊರತು ಸೊಂಟಕ್ಕೆ ಕಟ್ಟಿಕೊಂಡು ಇಳಿಯುವುದಿಲ್ಲ.

ದಿನಾಂಕ 18-11-2024ರ ಸೋಮವಾರ ಬೆಳಿಗ್ಗೆ ಸುಮಾರು ಒಂಬತ್ತು ಗಂಟೆಗೆ ನಮ್ಮೂರಿನ ರಂಗಸ್ವಾಮಿ ಅವರ ತೋಟದಲ್ಲಿ ಕಾಯಿ ಕೀಳುತ್ತಿದ್ದೆ. ನೆಲದಿಂದ ಮೂವತ್ತು ಅಡಿ ಏರಿದ್ದಾಗ ಎಡಗಾಲಿನ ಕಡೆ ಲಟಕ್ಕನೆ ಶಬ್ದ ಬಂತು. ಮೊದಲು ಬಂದದ್ದು ಈ ಶಬ್ದ, ಇದನ್ನು ದಯವಿಟ್ಟು ಮೊದಲೇ ಬರೆದುಕೊಳ್ಳಬೇಕು. ಎಡಗಾಲಿನ ಕೆಳಗೆ ಏನೂ ಇಲ್ಲದಂತಾಯಿತು. ಭಾರವೆಲ್ಲ ಬಲಗಾಲಿಗೆ ಬಿತ್ತು, ಆಮೇಲೆ ಬಲಗಾಲಿನ ರಬ್ಬರ್ ಪರ್ರನೆ ಹರಿಯಿತು. ನಾನು ಮರವನ್ನು ತಬ್ಬಿಕೊಂಡೇ ಹದಿನೈದು ಅಡಿ ಜಾರಿದೆ. ಮರಕ್ಕೆ ಸುತ್ತಿ ಕಟ್ಟಿಕೊಂಡಿದ್ದ ಸೊಂಟದ ಬೆಲ್ಟು ಒಂದು ಕಡೆ ಹಿಡಿದು ನಿಲ್ಲಿಸಿತು. ಎಡಗೈ ಮಣಿಕಟ್ಟು ಮುರಿದಿದೆ. ಎದೆ, ತೋಳಿನ ಚರ್ಮ ಕಿತ್ತುಹೋಗಿದೆ. ಅಲ್ಲಿ ನೇತಾಡುತ್ತಿದ್ದಾಗ ನನಗೆ ಭಯಕ್ಕಿಂತ ಹೆಚ್ಚು ಸಿಟ್ಟು ಬಂದಿತ್ತು.

ಕೆಳಗಿದ್ದ ರಂಗಸ್ವಾಮಿ ಅವರು ನನ್ನ ಗಂಡನನ್ನು ಕೂಗಿ, “ಲೇ ಸಾಂತ್ರಾಜು, ಏಣಿ ತತ್ತಾರ್ಲಾ, ಮಿಷನ್ ಮುರ್ಕೊಂಡ್ ಓಯ್ತು ಕಣ್ಲಾ!” ಎಂದರು. ಮಿಷನ್ ಮುರಿಯಿತು ಎಂದರು, ಕವನಾ ಬಿದ್ದಳು ಎನ್ನಲಿಲ್ಲ. ಯಾರೂ ಏನೂ ಹೇಳಿಕೊಡುವ ಮೊದಲೇ ಅವರ ಬಾಯಿಂದ ಬಂದ ಮಾತು ಅದು. ಈಗ ಅವರು ತಮ್ಮನ್ನು ಠಾಣೆಗೆ ಎಳೆಯಬೇಡ ಎಂದು ಕೇಳಿಕೊಂಡಿದ್ದಾರೆ. ಒಳ್ಳೆಯ ಮನುಷ್ಯರು, ಏಣಿ ಹಿಡಿದು ನನ್ನನ್ನು ಇಳಿಸಿಕೊಂಡವರು. ಆದರೂ ಅವರ ಹೆಸರು ಹೇಳಿದ್ದೇನೆ, ಆ ಶಬ್ದವನ್ನು ನನ್ನ ಜೊತೆ ಕೇಳಿದ ಕಿವಿ ಬೇರೆ ಯಾರದೂ ಇಲ್ಲ.

ಮರುದಿನ ಮಂಗಳವಾರ ಮಧ್ಯಾಹ್ನ ಪಾಲಾಕ್ಷ ಅವರು ಮೂಸಂಬಿ, ಬ್ರೆಡ್ಡು ತೆಗೆದುಕೊಂಡು ನಮ್ಮ ಮನೆಗೆ ಬಂದರು. ಅಂಗಡಿಗೆ ಹತ್ತು ಸಲ ಅಲೆದರೂ ಒಂದು ನಟ್ಟು ಕೊಡದವರು ಬಿದ್ದ ಮರುದಿನವೇ ಮನೆ ಬಾಗಿಲಿಗೆ ಬಂದದ್ದು ನನಗೆ ಸರಿ ಕಾಣಲಿಲ್ಲ. ಅವರು ಆಡಿದ ಮಾತನ್ನು ಆಡಿದಂತೆಯೇ ಬರೆದುಕೊಳ್ಳಲು ಕೋರಿದ್ದೇನೆ. “ಗ್ರಾಚಾರ ಕಣವ್ವ, ಆಗಿದ್ದಾಯ್ತು. ಮುರಿದಿರೋ ಕಂಬಿ ಕೊಡು, ನಾಳೀಕೇ ಒಸಾ ಮಿಷನ್ ತಂದಾಕ್ತೀನಿ” ಎಂದರು. ಮುರಿದ ಕಬ್ಬಿಣ ನಿಮಗೇಕೆ ಬೇಕು ಎಂದು ಕೇಳಿದೆ. ಕಂಪನಿಗೆ ಕಳಿಸಬೇಕು ಎಂದರು. ವಿಳಾಸ ಕೊಡಿ, ನಾನೇ ಕಳಿಸುತ್ತೇನೆ ಎಂದೆ. ಅವರ ಮುಖ ಕಪ್ಪಿಟ್ಟಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗಾಯಿತು.

ಆಮೇಲೆ ಹರಿದ ರಬ್ಬರನ್ನು ಹಿಸುಕಿ ನೋಡಿ, ಆಯುಧಪೂಜೆಗೆ ಡೀಸೆಲ್ ಹಾಕಿ ತೊಳೆದಿದ್ದೀರಾ ಎಂದು ಕೇಳಿದರು. ತೊಳೆದಿದ್ದೇನೆ. ನಮ್ಮ ಕಡೆ ಬೈಕು, ಟಿಲ್ಲರು, ಕುಡುಗೋಲು, ಎಲ್ಲವನ್ನೂ ಡೀಸೆಲ್ಲಿನಲ್ಲಿ ಒರೆಸಿ ಫಳಫಳ ಮಾಡಿಯೇ ಅರಿಶಿನ ಕುಂಕುಮ ಇಡುವುದು. ಹಾಗೆ ಮಾಡದಿದ್ದರೆ ಪೂಜೆ ಮಾಡಿದಂತೆ ಯಾರಿಗೂ ಅನ್ನಿಸುವುದಿಲ್ಲ. ರಬ್ಬರಿಗೆ ಅದು ಆಗದು ಎಂದು ಮಾರುವಾಗ ಅವರೂ ಹೇಳಲಿಲ್ಲ, ನಮಗೂ ಗೊತ್ತಿರಲಿಲ್ಲ. ಇದನ್ನು ಅವರು ಹೇಳುವುದಕ್ಕಿಂತ ಮೊದಲು ನಾನೇ ಹೇಳಿ ಬರೆಸುತ್ತಿದ್ದೇನೆ. ಅವರು ಆಗ, “ಅಂಗಾರೆ ತೀರೋಯ್ತು. ರಬ್ಬರ್ ಉಬ್ಬಿ ಕಿತ್ತೋಗದೆ, ಅದಕ್ಕೇ ಕಂಬಿ ಮುರುದದೆ. ತಪ್ಪು ನಿಂದು. ಕುಣೀಲಾರ್ದೋಳು ನೆಲ ಡೊಂಕು ಅಂದ್ಲಂತೆ. ಎಂಗಸ್ರಿಗ್ಯಾಕವ್ವ ಮರ ಅತ್ತೋ ಕೆಲ್ಸ?” ಎಂದರು.

ನೆಲ ಡೊಂಕಿದ್ದರೆ ಡೊಂಕು ಅಂತಲೇ ಅನ್ನುತ್ತೇನೆ ಎಂದು ನಾನು ಹೇಳಿದೆ. “ರಬ್ಬರ್ ಡೀಸೆಲ್ ಕುಡೀತು ಅಂತ್ಲೇ ಇಟ್ಕಳಿ ಸಾ, ಕಬ್ಬಿಣಾನೂ ಕುಡೀತಾ?” ಎಂದೂ ಕೇಳಿದೆ. ಅವರು ಮಂಚದ ಮೇಲಿದ್ದ ಕಂಬಿಗೆ ಕೈ ಹಾಕಿದರು. ನನ್ನ ಗಂಡ ಎದ್ದು ಅಡ್ಡ ನಿಂತರು. ಹೊಡೆದಾಟ ಆಗಿಲ್ಲ. ಪಾಲಾಕ್ಷ ಅವರು ಮೂಸಂಬಿ ಚೀಲವನ್ನು ವಾಪಸ್ ತೆಗೆದುಕೊಂಡು ಹೋದರು, ಬ್ರೆಡ್ಡನ್ನು ಮರೆತರು.

ಬುಧವಾರ ಕೈ ತೋರಿಸಲು ಹಾಸನಕ್ಕೆ ಹೋದಾಗ, ಅಲ್ಲಿನ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುವ ಸಿಂಧು ಮೇಡಂ ಅವರನ್ನು ಕಂಡೆ. ತರಬೇತಿಯಲ್ಲಿ ನಮಗೆ ಬೆಲ್ಟಿನ ಬಗ್ಗೆ ಹೇಳಿಕೊಟ್ಟವರು ಅವರು. ಕಂಬಿಯನ್ನೂ ರಬ್ಬರನ್ನೂ ಮುಂದಿಟ್ಟು, ನನ್ನ ಪರ ಹೇಳುವುದು ಬೇಡ, ಇದ್ದದ್ದು ಹೇಳಿ ಎಂದು ಕೇಳಿದೆ. ಅವರು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ರಬ್ಬರ್ ಡೀಸೆಲ್ಲಿನಿಂದ ಮೆತ್ತಗಾಗಿರುವುದು ನಿಜ ಎಂದರು. ಗಟ್ಟಿ ರಬ್ಬರಿನಲ್ಲಿ ಗೀರು ಬಿದ್ದರೂ ಬೇಗ ಮುಂದಕ್ಕೆ ಹರಿಯುವುದಿಲ್ಲವಂತೆ, ಎಣ್ಣೆ ಕುಡಿದದ್ದು ಒಂದು ಗೀರಿಗೇ ಪೂರ್ತಿ ಹರಿದುಹೋಗುತ್ತದಂತೆ. ನನ್ನ ರಬ್ಬರಿನ ಚೂರನ್ನು ಅವರು ಬೆರಳಿನಲ್ಲೇ ಹರಿದು ತೋರಿಸಿದರು. ನನಗೆ ನಾಚಿಕೆಯಾಯಿತು.

ಕಂಬಿಯ ವಿಷಯ ಬೇರೆ ಎಂದರು. ಅವರ ಮಾತು ಹೀಗಿತ್ತು: “ನೋಡಿ ಕವನಾ, ಮುರಿದ ಜಾಗದಲ್ಲಿ ಅರ್ಧ ಭಾಗ ಕಲ್ಲುಸಕ್ಕರೆ ಮುರಿದ ಹಾಗೆ ಹೊಳೀತಾ ಇದೆ, ಅದು ಸೋಮವಾರ ಮುರಿದಿದ್ದು. ಇನ್ನರ್ಧದ ಒಳಗೆ ನೀಲಿ ಪೇಂಟ್ ಇದೆ. ಪೇಂಟ್ ಒಳಗೆ ಹೋಗಬೇಕಾದರೆ ಬಿರುಕು ಮೊದಲೇ ಬಾಯಿ ಬಿಟ್ಟಿರಬೇಕು. ನೀವು ಪೇಂಟ್ ಹೊಡೆದಿದ್ರಾ?” ನಾವು ಹೊಡೆದಿಲ್ಲ. ನಾಲ್ಕೂ ಮಿಷನ್ನಿನ ನೀಲಿ ಬಣ್ಣ ಅಂಗಡಿಯಿಂದ ಬಂದದ್ದೇ. ವೆಲ್ಡಿಂಗ್ ಪಕ್ಕದಲ್ಲಿ ಬಿರುಕು ಬಿಟ್ಟ ಕಂಬಿಗೆ ಬಣ್ಣ ಬಳಿದು ನಮ್ಮ ಕಾಲಡಿಗೆ ಕೊಟ್ಟಿದ್ದಾರೆ. ಬಟ್ಟೆ ಅಂಗಡಿಯವರು ಅಂಚಿಗೆ ಕತ್ತರಿಯಲ್ಲಿ ಒಂದು ಕಚ್ಚು ಹಾಕಿ ಪರ್ರನೆ ಹರಿಯುತ್ತಾರಲ್ಲ, ಆ ಕಚ್ಚು ಕಂಬಿಯಲ್ಲಿ ಮೊದಲಿನಿಂದಲೂ ಇತ್ತು, ಏಳು ತಿಂಗಳು ನಾನು ಹತ್ತಿದ್ದು ಅದರ ಮೇಲೆಯೇ ಎಂದು ಮೇಡಂ ತಿಳಿಸಿದರು. ಬಾಯಿಮಾತಿಗೆ ಬೆಲೆ ಇಲ್ಲ, ಪೊಲೀಸರು ಮೊಹರು ಮಾಡಿ ಕಳಿಸಿದರೆ ಪರೀಕ್ಷೆ ಮಾಡಿ ಬರೆದುಕೊಡುವುದಾಗಿಯೂ ಹೇಳಿದರು. ಉಳಿದ ಮೂರು ಮಿಷನ್ನುಗಳನ್ನು ನೋಡುವ ಬಗೆಯನ್ನು ಹೇಳಿಕೊಟ್ಟು, ಒಂದು ಸೀಮೆಸುಣ್ಣವನ್ನು ಕೈಗೆ ಕೊಟ್ಟರು.

ಅಂದೇ ಮೂವರಿಗೂ ಫೋನ್ ಮಾಡಿದೆ. ಹೊಳೆನರಸೀಪುರದ ಕಡೆಯ ಇಬ್ಬರು ಮಾತು ಕೇಳಿ ಮಿಷನ್ ಮೂಲೆಗಿಟ್ಟರು. ಅರಕಲಗೂಡು ತಾಲ್ಲೂಕು ಮಲ್ಲಿಪಟ್ಟಣದ ದೊಡ್ಡತಾಯಮ್ಮ ಮಾತ್ರ ಕೇಳಲಿಲ್ಲ. ನಮ್ಮಲ್ಲಿ ಎಲ್ಲರಿಗಿಂತ ಹಿರಿಯರು, ಎಲ್ಲರಿಗಿಂತ ಹಟದವರು. ನಾನು ಬೇಜವಾಬ್ದಾರಿಯಿಂದ ಬಿದ್ದೆನೆಂದು ಪಾಲಾಕ್ಷ ಅವರು ಆಗಲೇ ಅವರ ಕಿವಿ ತುಂಬಿದ್ದರು.

ಗುರುವಾರ ಬೆಳಿಗ್ಗೆ ಗಂಡನ ಬೈಕಿನಲ್ಲಿ ಮಲ್ಲಿಪಟ್ಟಣಕ್ಕೆ ಹೋದೆ. ನಾವು ತಲುಪಿದಾಗ ಅವರು ಮಿಷನ್ನನ್ನು ಮರಕ್ಕೆ ಬಿಗಿದು ಒಂದು ಕಾಲು ಇಟ್ಟಿದ್ದರು. ಬೇಡ ಅಕ್ಕ ಎಂದೆ. “ನೀ ಬಿದ್ದೆ ಅಂತ ನಾ ಮರ ಬುಟ್ಬುಡ್ಲಾ? ಓಗವ್ವ ಓಗು, ಕೈ ನೋಡ್ಕೊ” ಎಂದರು. ನಾನು ಹೋಗಿ ಇನ್ನೊಂದು ಕಾಲಿನ ಮೇಲೆ ಕುಳಿತುಬಿಟ್ಟೆ. ಪ್ಲಾಸ್ಟರ್ ಕೈಯವಳನ್ನು ತಳ್ಳುವುದಕ್ಕೆ ಅವರಿಗೆ ಮನಸ್ಸು ಬರಲಿಲ್ಲ, ಬೈಯುವುದಕ್ಕೆ ಬಂತು. ಬೈದು ಮುಗಿದ ಮೇಲೆ, ಅದೇನು ತೋರಿಸುತ್ತೀಯೋ ತೋರಿಸು ಎಂದು ಇಳಿದರು.

ನನ್ನ ಕಂಬಿ ಮುರಿದ ಜಾಗದಲ್ಲೇ ಅವರ ಕಂಬಿಯ ಬಣ್ಣವನ್ನು ಕುಡುಗೋಲಿನಿಂದ ಹೆರೆದೆವು. ಕಣ್ಣಿಗೆ ಏನೂ ಕಾಣಲಿಲ್ಲ. ಮೇಡಂ ಹೇಳಿದಂತೆ ಡೀಸೆಲ್ ಸವರಿ ಅರ್ಧ ಗಂಟೆ ಬಿಟ್ಟು, ಒಣಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಸೀಮೆಸುಣ್ಣವನ್ನು ಪುಡಿ ಮಾಡಿ ಬಳಿದೆವು. ಬಿರುಕು ಇದ್ದರೆ ಅದು ಕುಡಿದ ಎಣ್ಣೆಯನ್ನು ಪುಡಿಗೆ ಕಕ್ಕುತ್ತದಂತೆ. ಸ್ವಲ್ಪ ಹೊತ್ತಿಗೆ ಬಿಳಿ ಪುಡಿಯ ಮೇಲೆ ಕೂದಲೆಳೆಯಷ್ಟು ಒದ್ದೆ ಗೆರೆ ಮೂಡಿತು. ಕಂಬಿಯ ಸುತ್ತಳತೆಯಲ್ಲಿ ಕಾಲು ಭಾಗದಷ್ಟು ಉದ್ದ ಇತ್ತು. ದೊಡ್ಡತಾಯಮ್ಮ ಅದನ್ನು ನೋಡಿದರು, ತಲೆಯೆತ್ತಿ ಮರದ ತುದಿ ನೋಡಿದರು, ನೆಲಕ್ಕೆ ಕುಳಿತರು.

ಅಷ್ಟರಲ್ಲಿ ಅವರಿಗೆ ಪಾಲಾಕ್ಷ ಅವರ ಫೋನ್ ಬಂತು. ಸ್ಪೀಕರ್ ಹಾಕಿದ್ದರಿಂದ ನಾವೆಲ್ಲ ಕೇಳಿದೆವು. ಆ ಕವನಾ ನಿಮ್ಮೂರಿಗೂ ಬರುತ್ತಾಳೆ, ಅವಳ ಮಾತು ಕಟ್ಟಿಕೊಳ್ಳಬೇಡಿ, ನಿಮ್ಮ ಮಿಷನ್ ಗಟ್ಟಿಮುಟ್ಟಾಗಿದೆ ಎಂದರು. ದೊಡ್ಡತಾಯಮ್ಮ, “ಅಂಗಾರೆ ನೀವೇ ಬಂದು ಒಂದ್ ಮರ ಅತ್ತಿ ತೋರ್ಸಿ ಸಾ. ನಾ ಕೆಳಗ್ ನಿಂತಿರ್ತೀನಿ” ಎಂದರು. ಕರೆ ಕಟ್ಟಾಯಿತು. ಅಂದು ಸಂಜೆಯೇ ನನ್ನ ಮೇಲೆ ದೂರು ದಾಖಲಾಗಿದೆ.

ಈ ದಿನ ಠಾಣೆಯಲ್ಲಿ ಪಾಲಾಕ್ಷ ಅವರು ನನ್ನ ಎದುರಿಗೇ ರಾಜಿ ಮಾತು ಆಡಿದರು. ಹೊಸ ಮಿಷನ್ ಕೊಡುತ್ತಾರಂತೆ. ನಾನು ಕಂಬಿ ಒಪ್ಪಿಸಬೇಕಂತೆ, ಆಯ ತಪ್ಪಿ ಬಿದ್ದೆನೆಂದು ಬರೆದುಕೊಡಬೇಕಂತೆ. ನಾನು ಆಯ ತಪ್ಪಿದವಳಲ್ಲ. ಹಾಗೆಂದು ಬರೆದುಕೊಟ್ಟರೆ ನಾಳೆ ಈ ತಾಲ್ಲೂಕಿನಲ್ಲಿ ಯಾವ ತೋಟದವರೂ ಹೆಂಗಸನ್ನು ಮರದ ಹತ್ತಿರ ಬಿಡುವುದಿಲ್ಲ. ರಬ್ಬರಿನ ತಪ್ಪು ನನ್ನದು, ಒಪ್ಪಿದ್ದೇನೆ, ಇನ್ನು ಡೀಸೆಲ್ ಮುಟ್ಟಿಸುವುದಿಲ್ಲ. ಕಬ್ಬಿಣದ ತಪ್ಪನ್ನು ಯಾರು ಮಾಡಿದರೋ ಅವರು ಒಪ್ಪಲಿ. ಕಂಬಿಯನ್ನು ಪಂಚರ ಎದುರಿಗೆ ಮೊಹರು ಮಾಡಿ ಪರೀಕ್ಷೆಗೆ ಕಳಿಸುವುದಾದರೆ ಈ ಕ್ಷಣ ಪೊಲೀಸರಿಗೆ ಕೊಡುತ್ತೇನೆ. ಪಾಲಾಕ್ಷ ಅವರಿಗಾದರೆ ಪ್ರಾಣ ಹೋದರೂ ಕೊಡುವುದಿಲ್ಲ. ಕೈ ಕೂಡಿಕೊಂಡ ಮೇಲೆ ಮತ್ತೆ ಮರ ಹತ್ತುತ್ತೇನೆ, ಯಾರೂ ಕೇಳದಿದ್ದರೂ ಅದನ್ನೂ ಬರೆದುಕೊಳ್ಳಬೇಕು.

ಇದಿಷ್ಟನ್ನೂ ನನಗೆ ಓದಿ ಹೇಳಿದರು, ನಾನೂ ಕಣ್ಣಾಡಿಸಿದ್ದೇನೆ. ಮೊದಲ ಪ್ರತಿಯಲ್ಲಿದ್ದ “ಆಯ ತಪ್ಪಿ” ಎಂಬುದನ್ನು ಹೊಡೆಸಿ “ಕಂಬಿ ಮುರಿದು” ಎಂದು ಬರೆಸಿ ಪಕ್ಕದಲ್ಲಿ ಸಹಿ ಹಾಕಿದ್ದೇನೆ. ಉಳಿದದ್ದೆಲ್ಲ ನಡೆದದ್ದು ನಡೆದ ಹಾಗೆ ಇದೆ. ದೊಡ್ಡತಾಯಮ್ಮ ಅವರು ತಮ್ಮ ಮಿಷನ್ನನ್ನು ಆಟೋದಲ್ಲಿ ಹಾಕಿಕೊಂಡು ಬಂದು ಹೊರಗಿನ ಬೆಂಚಿನ ಮೇಲೆ ಕುಳಿತಿದ್ದಾರೆ. ಒಂದು ಹೇಳಿಕೆ ಸಾಕು, ನೀವು ಮನೆಗೆ ಹೋಗಿ ಎಂದು ಅವರಿಗೆ ತಿಳಿಸಲಾಯಿತು. ಅವರು, “ನಂದೂ ಒಂದ್ ಬರ್ಕಳಿ ಸಾ. ಬರ್ಕಳೋಗಂಟ ನಾ ಓಗಲ್ಲ” ಎಂದಿದ್ದಾರೆ. ನಾನೂ ಹೋಗುವುದಿಲ್ಲ.

ಸ್ಥಳ: ಚನ್ನರಾಯಪಟ್ಟಣ
ದಿನಾಂಕ: 22-11-2024

(ಸಹಿ) ಕವನಾ